ಬೀದಿಯಿಂದ ಬಂದ ನಾಯಿಗೆ ಮನೆ ಒಗ್ಗಬೇಕಾದರೆ

"ಮೂರು ದಿನದಿಂದ ಮಂಚದ ಕೆಳಗಿಂದ ಹೊರಗೆ ಬಂದಿಲ್ಲ. ಅನ್ನ ಇಟ್ಟರೆ ನಾವು ಮಲಗಿದ ಮೇಲೆ ತಿನ್ನುತ್ತದೆ. ಕೈ ಚಾಚಿದರೆ ಗೋಡೆಗೆ ಒತ್ತಿಕೊಂಡು ನಡುಗುತ್ತದೆ. ಏನು ತಪ್ಪು ಮಾಡಿದೆವು?" ಏಟು ತಿಂದ, ಗಾಡಿಗೆ ಸಿಕ್ಕ ಅಥವಾ ಯಾರೋ ಸಾಕಿ ಬಿಟ್ಟುಹೋದ ನಾಯಿಯನ್ನು ಮನೆಗೆ ತಂದವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆ ಇದು. ಬಹಳಷ್ಟು ಸಲ ಅವರು ಯಾವ ತಪ್ಪನ್ನೂ ಮಾಡಿರುವುದಿಲ್ಲ. ನಾಯಿ ಹೆದರಿದೆ, ಅಷ್ಟೇ. ಆ ಹೆದರಿಕೆ ಕರಗಲು ಪ್ರೀತಿಯ ಜತೆಗೆ ಒಂದು ಕ್ರಮವೂ ಬೇಕು. ಆ ಕ್ರಮ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಮನೆಗಳು ಒಂದೇ ತಿಂಗಳಲ್ಲಿ ಕೈಚೆಲ್ಲುತ್ತವೆ.

ಮೊದಲಿಗೆ ಒಂದು ಮಾತು. ಎಲ್ಲ ಬೀದಿನಾಯಿಗಳಿಗೂ ಮನೆ ಬೇಕಿಲ್ಲ. ಕಿವಿಯ ಅಂಚಿನಲ್ಲಿ ಸಣ್ಣ ಕತ್ತರಿ ಗುರುತಿದ್ದರೆ ಆ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಅಂಥ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುತ್ತವೆ. ನಾಲ್ಕು ಮನೆಯವರು ಊಟ ಹಾಕುವ, ಬೀದಿಯ ಮೂಲೆಮೂಲೆ ಬಲ್ಲ ಗಟ್ಟಿಮುಟ್ಟಾದ ವಯಸ್ಕ ನಾಯಿಯನ್ನು ಮರುಕದಿಂದ ಮೂರನೇ ಮಹಡಿಯ ಫ್ಲ್ಯಾಟಿಗೆ ತಂದು ಕೂಡಿಹಾಕುವುದು ಅದಕ್ಕೆ ಉಪಕಾರವಲ್ಲ. ಕಾಲು ಕಳೆದುಕೊಂಡದ್ದು, ಕಣ್ಣು ಕಾಣದ್ದು, ಸಾಕಿದವರು ಬಿಟ್ಟುಹೋದದ್ದು, ತಾಯಿ ಸತ್ತ ಮರಿ, ಒಂದೇ ಬೀದಿಯಲ್ಲಿ ಮತ್ತೆ ಮತ್ತೆ ಹಿಂಸೆಗೆ ಗುರಿಯಾಗುವ ನಾಯಿ: ಇವುಗಳಿಗೆ ಮನೆ ಬೇಕು. ಈ ಲೇಖನ ಇಂಥವುಗಳ ಕುರಿತಾದದ್ದು.

2025ರ ಆಗಸ್ಟ್ 22ರಂದು ದೆಹಲಿಯ ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಲ್ಲಿ ದತ್ತಿನ ಪ್ರಸ್ತಾಪವೂ ಇದೆ. ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ನಾಯಿಯನ್ನು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಕಾನೂನನ್ನು ಪಕ್ಕಕ್ಕಿಟ್ಟರೂ ಇದು ಸರಿಯಾದ ಮಾತು. ಆಗದಿದ್ದರೆ ಬಿಟ್ಟುಬಿಡೋಣ ಎಂಬ ಯೋಚನೆ ಮನಸ್ಸಿನ ಒಂದು ಮೂಲೆಯಲ್ಲಿದ್ದರೂ ನಾಯಿ ತರುವುದನ್ನು ಸದ್ಯಕ್ಕೆ ಮುಂದೂಡಿ.

ಹೆದರಿಕೆ ಹೋಗುವುದೇಕೆ ಇಷ್ಟು ನಿಧಾನ?

ಮರಿಯ ಬದುಕಿನಲ್ಲಿ ಸುಮಾರು 3ನೇ ವಾರದಿಂದ 12–14ನೇ ವಾರದವರೆಗಿನ ಅವಧಿ ಬಹಳ ಮುಖ್ಯ. ಮನುಷ್ಯರು, ಮಕ್ಕಳು, ಬಗೆಬಗೆಯ ಸದ್ದು, ನುಣುಪು ನೆಲ, ಮೆಟ್ಟಿಲು, ಹೀಗೆ ಆಗ ಎದುರಾದದ್ದೆಲ್ಲ ಅದಕ್ಕೆ ಸಹಜವಾಗಿಬಿಡುತ್ತದೆ. ಆಗ ಕಾಣದ್ದು ಮುಂದೆ ಅನುಮಾನದ ವಸ್ತುವಾಗುತ್ತದೆ. ಚರಂಡಿಯ ಬದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಮಿಕ್ಸಿ, ಟೀವಿ, ಲಿಫ್ಟು, ತಲೆಯ ಮೇಲೆ ಗಿರಗಿರ ತಿರುಗುವ ಫ್ಯಾನು ಎಲ್ಲವೂ ಹೊಸವು. ಬಾಗಿಲು ಮುಚ್ಚಿದರೆ ಓಡಿಹೋಗಲು ದಾರಿಯಿಲ್ಲ ಎಂಬುದಂತೂ ಎಲ್ಲಕ್ಕಿಂತ ದೊಡ್ಡ ಆಘಾತ. ಬೀದಿಯಲ್ಲಿ ಅದರ ಜೀವ ಉಳಿಸಿದ್ದು ಓಟವೇ.

ಇನ್ನೊಂದು ಸಂಗತಿ. ಒಂದೇ ಏಟಿಗೆ ಹೆದರಿಕೆ ಕಲಿಯಬಲ್ಲ ಮಿದುಳು ಅದನ್ನು ಅಷ್ಟೇ ಬೇಗ ಮರೆಯುವುದಿಲ್ಲ. ಹಳೆಯ ನೆನಪು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸ ನೆನಪೊಂದು ನಿಧಾನವಾಗಿ ಬಲಿಯುತ್ತದೆ. ಎರಡು ತಿಂಗಳು ಚೆನ್ನಾಗಿದ್ದ ನಾಯಿ ನೆಂಟರ ಮನೆಗೆ ಹೋದಾಗ ಮತ್ತೆ ನಡುಗುವುದು ಇದೇ ಕಾರಣಕ್ಕೆ. ನಿಮ್ಮ ಶ್ರಮ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಹೊಸ ಜಾಗದಲ್ಲಿ ಹಳೆಯ ನೆನಪು ಮೇಲೆದ್ದಿರುತ್ತದೆ.

"ನಾಯಿಗೆ ನೀನೇ ಯಜಮಾನ ಅಂತ ತೋರಿಸಿಕೊಡಬೇಕು" ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಇದರ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಬೋನಿನಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನ. ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ ಕಾಡುತೋಳಗಳನ್ನು ವರ್ಷಗಟ್ಟಲೆ ಗಮನಿಸಿ, 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಕುಟುಂಬ. ಹೆದರಿದ ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಅದು ಕಲಿಯುವ ಪಾಠ ಒಂದೇ: ಈ ಮನೆಯವರೂ ಹೊಡೆಯುವವರೇ.

ನಮ್ಮ ದೇಶದ ಬೀದಿನಾಯಿಗಳ ಬಗ್ಗೆ ಭರವಸೆ ಕೊಡುವ ಸಂಶೋಧನೆಯೂ ಇದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತ ಮನುಷ್ಯರ ಜತೆ ಮತ್ತೆ ಮತ್ತೆ ಒಡನಾಡಿದಾಗ ಬೀದಿನಾಯಿಗಳ ನಂಬಿಕೆ ಗಳಿಸುವಲ್ಲಿ ಆಹಾರಕ್ಕಿಂತ ಮೈದಡವುವಿಕೆಯೇ ಮೇಲಾಯಿತು. ಮನುಷ್ಯರ ಸಂಗ ಅವುಗಳಿಗೂ ಬೇಕು. ಆದರೆ ಏಟು ತಿಂದ ನಾಯಿ ಆ ಸ್ಪರ್ಶವನ್ನು ತಾನಾಗಿಯೇ ಕೇಳಿಕೊಂಡು ಬರುವವರೆಗೆ ನಾವು ಕಾಯಬೇಕು. ಅಲ್ಲಿಯವರೆಗೆ ಅದಕ್ಕೆ ಬೇಕಾದದ್ದು ಎರಡು. ಮುಂದೇನಾಗುತ್ತದೆ ಎಂಬ ಅಂದಾಜು, ಬೇಡವೆನಿಸಿದಾಗ ಸರಿದುಹೋಗುವ ಅವಕಾಶ. ಕೆಳಗಿನ ಬಹುಪಾಲು ಸೂಚನೆಗಳು ಈ ಎರಡನ್ನೇ ನೆಚ್ಚಿಕೊಂಡಿವೆ.

ತರುವ ಮುನ್ನ

ನಾಯಿಯನ್ನು ಉಳಿಸಿದ ಸಂಸ್ಥೆ ಅಥವಾ ವ್ಯಕ್ತಿಯ ಬಳಿ ಕೂತು ಮಾತನಾಡಿ. ಎಲ್ಲಿ ಸಿಕ್ಕಿತು, ಯಾವುದಕ್ಕೆ ಬೆಚ್ಚುತ್ತದೆ, ಗಂಡಸರನ್ನು ಕಂಡರೆ ಏನು ಮಾಡುತ್ತದೆ, ಬೇರೆ ನಾಯಿ ಮತ್ತು ಬೆಕ್ಕುಗಳ ಜತೆ ಹೇಗಿದೆ, ಯಾರನ್ನಾದರೂ ಕಚ್ಚಿದೆಯೇ ಎಂದು ಕೇಳಿ. ಕಚ್ಚಿದ್ದರೆ ಯಾವ ಸಂದರ್ಭದಲ್ಲಿ ಎಂಬುದು ಮುಖ್ಯ. ಮುರಿದ ಕಾಲನ್ನು ಮುಟ್ಟಿದಾಗ ಕಚ್ಚಿದ ನಾಯಿಗೂ, ದಾರಿಯಲ್ಲಿ ಸುಮ್ಮನೆ ಹೋಗುವವರನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿದ ನಾಯಿಗೂ ಬಹಳ ವ್ಯತ್ಯಾಸವಿದೆ. ಬೆಂಗಳೂರಿನ ಕ್ಯೂಪಾದಂಥ ಹಳೆಯ ಸಂಸ್ಥೆಗಳಿಂದ ಹಿಡಿದು ಬಡಾವಣೆಯ ಸ್ವಯಂಸೇವಕರವರೆಗೆ, ನಾಯಿಯನ್ನು ಹತ್ತಿರದಿಂದ ನೋಡಿಕೊಂಡವರಿಗೆ ಇವು ಗೊತ್ತಿರುತ್ತವೆ.

ಒಂದೇ ಭೇಟಿಯಲ್ಲಿ ತೀರ್ಮಾನಿಸಬೇಡಿ. ಎರಡು ಮೂರು ಸಲ ಹೋಗಿ, ಹತ್ತಿರದಲ್ಲಿ ನೆಲದ ಮೇಲೆ ಕುಳಿತು ಬನ್ನಿ. ಮನೆಯ ಎಲ್ಲರ ಒಪ್ಪಿಗೆ ಇರಬೇಕು. ಮಡಿ ಮೈಲಿಗೆ ಪಾಲಿಸುವ ಅಜ್ಜಿ ಇದ್ದರೆ ಅವರ ಬಳಿಯೂ ಮುಂಚೆಯೇ ಮಾತಾಡಿ, ದೇವರಮನೆ ಮತ್ತು ಅಡುಗೆಮನೆಗೆ ನಾಯಿ ಹೋಗದಂತೆ ಏರ್ಪಾಡು ಮಾಡಿಕೊಳ್ಳಿ. ಇದನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟ ಮನೆಗಳಲ್ಲಿ ಜಗಳ ಶುರುವಾಗಿ, ಕೊನೆಗೆ ನಾಯಿಯೇ ಹೊರಗಾಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಾಯಿ ಸಾಕಲು ನಿಮ್ಮ ಪಾಲಿಕೆಯ ಪರವಾನಗಿ ಬೇಕೇ ಎಂದೂ ವಿಚಾರಿಸಿ.

ವೈದ್ಯರ ಬಳಿ

ಸ್ವಭಾವ ತಿದ್ದುವ ಮೊದಲು ನೋವಿದೆಯೇ ನೋಡಬೇಕು. ಮುಟ್ಟಿದರೆ ಗುರ್ ಎನ್ನುವ ನಾಯಿಗೆ ಸೊಂಟದಲ್ಲಿ ಹಳೆಯ ಮುರಿತ ಇರಬಹುದು, ಕಿವಿಯೊಳಗೆ ಕೀವು ತುಂಬಿರಬಹುದು.

1. ರಕ್ತಪರೀಕ್ಷೆ ಮಾಡಿಸಿ. ಬೀದಿನಾಯಿಗಳಲ್ಲಿ ಉಣ್ಣಿಯಿಂದ ಹರಡುವ ಜ್ವರ ಬಹಳ ಸಾಮಾನ್ಯ. ಮಂಕು, ಊಟ ಬೇಡವೆನ್ನುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಇದರ ಲಕ್ಷಣಗಳು. ಎರ್ಲಿಕಿಯಾ ಎಂಬ ಬಗೆಗೆ ಸಾಮಾನ್ಯವಾಗಿ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬೇಡಿ.

2. ಲಸಿಕೆಯ ದಾಖಲೆ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಎಂದೇ ತಿಳಿದು ಹೊಸದಾಗಿ ಶುರುಮಾಡಿಸಿ. ರೇಬೀಸ್ ಲಸಿಕೆಯ ಜತೆಗೆ ಡಿಸ್ಟೆಂಪರ್, ಪಾರ್ವೊ ಮುಂತಾದವುಗಳ ಸಂಯುಕ್ತ ಲಸಿಕೆಯೂ ಬೇಕು. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆ ರೋಗದಿಂದ ನಾಯಿ ಸತ್ತ ಮನೆಗೆ ಲಸಿಕೆ ಆಗದ ಮರಿಯನ್ನು ತರಲೇಬೇಡಿ.

3. ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಬರೀ ಬೆದೆ ಎಂದುಕೊಳ್ಳದೆ ತೋರಿಸಿ. ಕೂಡುವಿಕೆಯಿಂದ ಹರಡುವ ಗಡ್ಡೆ ರೋಗವೊಂದು ಬೀದಿನಾಯಿಗಳಲ್ಲಿದೆ. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿನಿಂದ ಬಹುಪಾಲು ನಾಯಿಗಳಲ್ಲಿ ಇದು ಗುಣವಾಗುತ್ತದೆ.

ಎಚ್ಚರಿಕೆ: ಕಜ್ಜಿಯಾದ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ಪದ್ಧತಿ ಇನ್ನೂ ಇದೆ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷವಾಗುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನೂ, ಅಂದರೆ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ, ನೀವಾಗಿ ಕೊಡಬೇಡಿ.

ಹಸಿದು ಎಲುಬಿನ ಗೂಡಾದ ನಾಯಿಗೆ ಮೊದಲ ದಿನವೇ ಬಟ್ಟಲು ತುಂಬ ಮಾಂಸ ಹಾಕುವುದೂ ಅಪಾಯ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಸಿಕ್ಕರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣವೇ ಹೋಗಬಹುದು. ವೈದ್ಯರು ಹೇಳಿದ ಅಳತೆಯಲ್ಲಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಕೊಡಿ.

ಮೊದಲ ದಿನಗಳು

1. ಜನ ಹೆಚ್ಚು ಓಡಾಡದ ಕೋಣೆಯ ಮೂಲೆಯೊಂದನ್ನು ಅದಕ್ಕೆ ಬಿಟ್ಟುಕೊಡಿ. ಮೇಜಿನ ಮೇಲಿಂದ ಹಳೆಯ ಚಾದರ ಇಳಿಬಿಟ್ಟು, ಕೆಳಗೆ ಗೋಣಿಚೀಲ ಹಾಸಿದರೆ ಸಾಕು. ಅದರೊಳಗೆ ಸೇರಿಕೊಂಡಾಗ ಯಾರೂ ಇಣುಕಬಾರದು, ಕೈ ಹಾಕಬಾರದು. ಮಕ್ಕಳಿಗೆ ಇದು ಮನೆಯ ಮೊದಲ ಕಾನೂನಾಗಲಿ.

2. ಊಟ, ನೀರು, ಹೊರಗೆ ಕರೆದೊಯ್ಯುವುದು ದಿನವೂ ಅದೇ ಹೊತ್ತಿಗೆ ನಡೆಯಲಿ. ಬಟ್ಟಲಿಟ್ಟು ಎದ್ದು ಹೋಗಿ, ತಿನ್ನುವುದನ್ನು ನೋಡುತ್ತ ನಿಲ್ಲಬೇಡಿ.

3. ಒಂದೆರಡು ವಾರ ನೆಂಟರಿಗೂ ನೆರೆಯವರಿಗೂ ನಾಯಿಯನ್ನು ತೋರಿಸಬೇಡಿ.

4. ಸ್ನಾನ ಬೇಡ. ವಾಸನೆ ತಡೆಯಲಾಗದಿದ್ದರೂ ಒಂದಷ್ಟು ದಿನ ತಡೆದುಕೊಳ್ಳಿ. ಗೊತ್ತಿಲ್ಲದವರು ಬಿಗಿಯಾಗಿ ಹಿಡಿದು ನೀರು ಸುರಿಯುವುದು ಅದರ ಪಾಲಿಗೆ ಇನ್ನೊಂದು ಹಲ್ಲೆ. ವೈದ್ಯರೇ ಔಷಧಿ ಸ್ನಾನ ಹೇಳಿದ್ದರೆ ಮಾತ್ರ ಅವರ ಸಲಹೆಯಂತೆ ನಡೆಯಿರಿ.

5. ಮೂತ್ರಕ್ಕೆ ಮಣ್ಣು, ಹುಲ್ಲು ಇರುವೆಡೆಗೇ ಕರೆದೊಯ್ಯಿರಿ. ಬೀದಿಯಲ್ಲಿ ಬೆಳೆದ ನಾಯಿಗೆ ಟೈಲ್ಸ್ ಶೌಚದ ಜಾಗವೆಂದು ತೋಚುವುದಿಲ್ಲ. ಬೆಲ್ಟ್ ಕಟ್ಟಿಸಿಕೊಂಡು ಯಾರದೋ ಎದುರು ಹೋಗುವುದೂ ಅದಕ್ಕೆ ಹೊಸದು, ಹಾಗಾಗಿ ಗಂಟೆಗಟ್ಟಲೆ ತಡೆಹಿಡಿಯಬಹುದು. ಒಳಗೆ ಮಾಡಿಕೊಂಡರೆ ಬೈಯದೆ ಒರೆಸಿ. ನೀವು ಬಾಗಿದೊಡನೆ ಮೂತ್ರ ಹೋದರೆ ಅದು ಅಂಜಿಕೆಯಿಂದ.

ಆಶ್ರಯಧಾಮಗಳವರು 3 ದಿನ, 3 ವಾರ, 3 ತಿಂಗಳು ಎಂಬ ಲೆಕ್ಕ ಹೇಳುತ್ತಾರೆ. ಮೊದಲ ಗಾಬರಿ ಇಳಿಯಲು, ದಿನಚರಿಗೆ ಹೊಂದಿಕೊಳ್ಳಲು, ಇದು ನನ್ನ ಮನೆ ಎಂದುಕೊಳ್ಳಲು ಕ್ರಮವಾಗಿ ಅಷ್ಟಷ್ಟು ಸಮಯ. ಅಂದಾಜಿಗೆ ಇದು ಒಳ್ಳೆಯದು. ಆದರೆ ಹಿಂಸೆ ಕಂಡ ನಾಯಿಗೆ ವರ್ಷವೇ ಹಿಡಿದರೂ ಅಚ್ಚರಿಪಡಬೇಡಿ.

ಮೈ ಆಡುವ ಮಾತು

ನಾಯಿ ಇದ್ದಕ್ಕಿದ್ದಂತೆ ಕಚ್ಚುವುದು ಅಪರೂಪ. ಮೊದಲು ಮುಖ ತಿರುಗಿಸುತ್ತದೆ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಬಾಲ ಹೊಟ್ಟೆಯಡಿ ಮುದುರುತ್ತದೆ. ಆಮೇಲೆ ಕಲ್ಲಿನಂತೆ ಸ್ತಬ್ಧವಾಗುತ್ತದೆ. ಗುರ್ ಎನ್ನುವುದು, ಹಲ್ಲು ಕಿರಿಯುವುದು ಇವೆಲ್ಲ ಆದ ಮೇಲೆ. ಅದು ಸ್ತಬ್ಧವಾದಾಗಲೇ ನೀವು ಹಿಂದೆ ಸರಿದರೆ ಮುಂದಿನದು ನಡೆಯುವುದೇ ಇಲ್ಲ.

ಗುರ್ ಎಂದಿದ್ದಕ್ಕೆ ಹೊಡೆಯಬೇಡಿ, ಗದರಲೂಬೇಡಿ. ಗುರ್ ಎಂದರೆ ಏಟು ಬೀಳುತ್ತದೆಂದು ಕಲಿತ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಆ ಎಚ್ಚರಿಕೆ ನಿಮಗೆ ಸಿಗುತ್ತಿರುವ ಉಪಕಾರ.

ಮುಟ್ಟುವುದಕ್ಕೆ ಮುಂಚೆ ಕೇಳಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ನೇರ ದಿಟ್ಟಿಸದೆ, ಕೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ. ಅದಾಗಿ ಬಂದು ಮೂಸಿದರೆ ಎದೆಯನ್ನೋ ಕತ್ತಿನ ಬದಿಯನ್ನೋ ಒಂದೆರಡು ಕ್ಷಣ ಸವರಿ ಕೈ ಹಿಂತೆಗೆಯಿರಿ. ಮತ್ತೆ ಒತ್ತಿಕೊಂಡು ಬಂದರೆ ಮುಂದುವರಿಸಿ. ಅಲ್ಲೇ ನಿಂತರೆ, ಮುಖ ತಿರುಗಿಸಿದರೆ, ಅವತ್ತಿಗೆ ಸಾಕು. ತಲೆಯ ಮೇಲಿಂದ ಕೈ ತರಬೇಡಿ. ಅದಕ್ಕೆ ಏಟು ಬಂದದ್ದೆಲ್ಲ ಮೇಲಿಂದಲೇ.

ನಿರ್ದಿಷ್ಟ ಹೆದರಿಕೆ ಬಿಡಿಸುವುದು: ಪೊರಕೆಯ ಉದಾಹರಣೆ

ಪೊರಕೆ, ಕೋಲು, ಕೊಡೆ, ಹೆಲ್ಮೆಟ್ ತೊಟ್ಟವರು. ಬೀದಿಯಲ್ಲಿ ಅಟ್ಟಿಸಿಕೊಂಡ ನಾಯಿಗಳಿಗೆ ಇವುಗಳ ಭಯ ಸಾಮಾನ್ಯ. ಭಯ ಹುಟ್ಟಿಸುವ ವಸ್ತು ಕಂಡೊಡನೆ ಇಷ್ಟದ ತಿನಿಸು ಬರುತ್ತದೆ ಎಂಬ ಹೊಸ ನಂಟನ್ನು ಕಟ್ಟುವುದು ಇದರ ಚಿಕಿತ್ಸೆ. ಕ್ರಮ ತಿರುಗುಮುರುಗಾಗಬಾರದು. ಮೊದಲು ಪೊರಕೆ, ಆಮೇಲೆ ತಿನಿಸು. ತಿನಿಸು ಮೊದಲು ಬಂದರೆ, ತಿನಿಸು ಕಂಡಾಗಲೇ ಪೊರಕೆ ಬರುತ್ತದೆಂದು ಹೆದರಲು ಕಲಿಯುತ್ತದೆ.

1. ಬೇಯಿಸಿದ ಕೋಳಿ ಲಿವರನ್ನು, ಸಸ್ಯಾಹಾರಿ ಮನೆಯಾದರೆ ಪನೀರನ್ನು, ಕಡಲೆಕಾಳಿನಷ್ಟು ಚಿಕ್ಕ ತುಂಡು ಮಾಡಿಕೊಳ್ಳಿ. ಈ ತಿನಿಸು ಬೇರೆ ಹೊತ್ತಿನಲ್ಲಿ ಸಿಗಬಾರದು.

2. ಪೊರಕೆ ಕಂಡರೂ ನಾಯಿ ನಿಶ್ಚಿಂತೆಯಿಂದಿರುವಷ್ಟು ದೂರ ಹುಡುಕಿ. ಹಜಾರದ ಆ ತುದಿಯೋ, ಹಿತ್ತಲಿನ ಆಚೆಯೋ. ತಿನಿಸು ಎಸೆದರೂ ತಿನ್ನದಿದ್ದರೆ ಇನ್ನೂ ಹತ್ತಿರದಲ್ಲಿದ್ದೀರಿ ಎಂದರ್ಥ.

3. ಇನ್ನೊಬ್ಬರು ಪೊರಕೆಯನ್ನು ನೆಲದ ಮೇಲೆ ಮಲಗಿಸಿ ತೋರಿಸಲಿ, ನೀವು ತಿನಿಸು ಕೊಡಿ. ಪೊರಕೆ ಮರೆಯಾದೊಡನೆ ತಿನಿಸೂ ನಿಲ್ಲಲಿ.

4. ಪೊರಕೆ ಕಂಡಾಗ ನಾಯಿ ನಿಮ್ಮ ಕೈಯತ್ತ ನೋಡತೊಡಗಿದರೆ ಒಂದು ಹೆಜ್ಜೆ ಹತ್ತಿರ ತನ್ನಿ. ನಿಲ್ಲಿಸಿದ ಪೊರಕೆ, ಕೈಯಲ್ಲಿ ಹಿಡಿದದ್ದು, ಅಲುಗುವುದು, ಗುಡಿಸುವುದು ಎಲ್ಲವೂ ಬೇರೆ ಬೇರೆ ಹಂತಗಳು.

5. ಒಂದು ಸಲಕ್ಕೆ ಐದು ನಿಮಿಷ ಸಾಕು. ನಡುವೆ ಹೆದರಿದರೆ ಹಿಂದಿನ ಹಂತಕ್ಕೆ ಇಳಿದು ಅಲ್ಲಿ ಮುಗಿಸಿ. ಈ ಅಭ್ಯಾಸ ನಡೆದಿರುವಷ್ಟು ದಿನ ಮನೆ ಗುಡಿಸುವಾಗ ನಾಯಿಯನ್ನು ಬೇರೆ ಕೋಣೆಯಲ್ಲಿಡಿ.

ಬಟ್ಟಲ ಬಳಿ ಯಾರೂ ಸುಳಿಯಬಾರದೆಂದು ಗುರ್ ಎನ್ನುವ ನಾಯಿಗೂ ಇದೇ ತರ್ಕ. ಯಜಮಾನಿಕೆ ತೋರಿಸಲೆಂದು ತಿನ್ನುವಾಗ ಬಟ್ಟಲು ಕಿತ್ತುಕೊಳ್ಳುವವರಿದ್ದಾರೆ, ಅದರಿಂದ ನಾಯಿಯ ಅನುಮಾನ ನಿಜವೇ ಆಗುತ್ತದೆ. ದೂರದಿಂದ ಹಾದುಹೋಗುತ್ತ ಒಂದು ರುಚಿಯಾದ ತುಂಡು ಬಟ್ಟಲಿನತ್ತ ಎಸೆದು ಹಾಗೇ ಮುಂದೆ ನಡೆಯಿರಿ. ಮಕ್ಕಳು ಇದನ್ನು ಮಾಡುವುದು ಬೇಡ.

ತಪ್ಪಿಸಿಕೊಂಡು ಓಡುವ ಅಪಾಯ

ಹೊಸದಾಗಿ ತಂದ ನಾಯಿ ಕಳೆದುಹೋಗುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಬಸ್ಸಿನ ಹಾರ್ನ್ ಕೇಳಿ ಹಿಂದಕ್ಕೆ ಜಗ್ಗಿದರೆ ಸಾಧಾರಣ ಕೊರಳಪಟ್ಟಿ ತಲೆಯಿಂದ ಜಾರಿಬಿಡುತ್ತದೆ. ಎದೆಗೂ ಹೊಟ್ಟೆಗೂ ಸುತ್ತುವ ಹಾರ್ನೆಸ್ ಜತೆಗೆ ಕೊರಳಪಟ್ಟಿಯನ್ನೂ ಹಾಕಿ, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ, ಒಂದನ್ನು ನಿಮ್ಮ ಸೊಂಟಕ್ಕೆ ಬಿಗಿದುಕೊಳ್ಳಿ. ಪಟ್ಟಿಯ ಮೇಲೆ ಫೋನ್ ನಂಬರ್ ಇರಲಿ, ಮೈಕ್ರೋಚಿಪ್ ಹಾಕಿಸಿದರೆ ಇನ್ನೂ ಒಳ್ಳೆಯದು. ಹಾಲಿನವರು, ಕೊರಿಯರ್‌ನವರು ಬಾಗಿಲು ತಟ್ಟಿದಾಗ ಮೊದಲು ನಾಯಿ ಒಳಕೋಣೆಯಲ್ಲಿದೆಯೇ ನೋಡಿ, ಆಮೇಲೆ ತೆರೆಯಿರಿ.

ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಗುಂಪು ಕಟ್ಟಿಕೊಂಡು ಕೂಗಬೇಡಿ. ಕಂಡ ಜಾಗದಲ್ಲಿ ಪಕ್ಕಕ್ಕೆ ತಿರುಗಿ ನೆಲಕ್ಕೆ ಕೂತು ತಿನಿಸು ಚೆಲ್ಲಿ. ಕಾಣದಿದ್ದರೆ ಅದು ಮಲಗುತ್ತಿದ್ದ ಚಾದರವನ್ನೂ ನೀರನ್ನೂ ಬಾಗಿಲ ಹೊರಗಿಟ್ಟು, ಬೀದಿ ಶಾಂತವಾಗಿರುವ ನಡುರಾತ್ರಿ ಮತ್ತು ನಸುಕಿನಲ್ಲಿ ಹುಡುಕಿ. ಮೊದಲಿದ್ದ ಬೀದಿಯಲ್ಲಿ ಊಟ ಹಾಕುತ್ತಿದ್ದವರಿಗೂ ತಿಳಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆದರಿ ಅವಿತ ನಾಯಿಯನ್ನು ಎಳೆದು ಮಡಿಲಲ್ಲಿ ಕೂರಿಸಿಕೊಳ್ಳುವುದು. ಅಲುಗಾಡದೆ ಕೂತಿತೆಂದರೆ ಒಗ್ಗಿತು ಎಂದಲ್ಲ, ಭಯದಿಂದ ಮರಗಟ್ಟಿರಬಹುದು.

ಅಭ್ಯಾಸವಾಗಲಿ ಎಂದು ಮೊದಲ ವಾರವೇ ಮಾರುಕಟ್ಟೆಗೆ, ಮದುವೆ ಮನೆಗೆ ಕರೆದೊಯ್ಯುವುದು.

ಹಗಲಿಡೀ ಸರಪಳಿಯಲ್ಲಿ ಕಟ್ಟುವುದು. ಓಡಲಾಗದ ನಾಯಿಗೆ ಉಳಿಯುವ ಇನ್ನೊಂದು ದಾರಿ ಕಚ್ಚುವುದು.

ಪಾಪ ಎಂದು ನಿಯಮವನ್ನೇ ಇಡದಿರುವುದು. ಇವತ್ತು ಹಾಸಿಗೆಗೆ ಹತ್ತಿಸಿಕೊಂಡು ನಾಳೆ ಗದರಿದರೆ ಅದರ ಗೊಂದಲ ಹೆಚ್ಚುತ್ತದೆ. ಮನೆಮಂದಿ ಎಲ್ಲರೂ ಒಂದೇ ರೀತಿ ನಡೆದುಕೊಳ್ಳಿ.

ನಾವು ತಿಂದದ್ದನ್ನೇ ಹಾಕುವುದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಹುದು.

ಕಚ್ಚಿದರೆ

ಗೀರಿದ್ದರೂ ಸರಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯನ್ನು 0, 3, 7, 28ನೇ ದಿನಗಳಂದು ಹಾಕುತ್ತಾರೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬುಲಿನ್ ಕೂಡ ಬೇಕಾಗುತ್ತದೆ. ನಾಯಿಗೆ ಲಸಿಕೆಯಾಗಿದೆಯಲ್ಲ ಎಂದು ನೀವೇ ತೀರ್ಮಾನಿಸಬೇಡಿ, ಅದು ವೈದ್ಯರಿಗೆ ಬಿಟ್ಟದ್ದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ವಿರಳ.

ಕಚ್ಚುವ ಸಂಭವವಿರುವ ನಾಯಿಗೆ, ಬಾಯಿ ತೆರೆದು ಏದುಸಿರು ಬಿಡಲೂ ನೀರು ಕುಡಿಯಲೂ ಆಗುವಂಥ ಬಾಯಿಕುಕ್ಕೆಯನ್ನು ಮನೆಯಲ್ಲೇ ರೂಢಿಸಿ. ಕುಕ್ಕೆಯೊಳಗೆ ತಿನಿಸು ಹಿಡಿದು ಅದಾಗಿಯೇ ಮೂತಿ ತೂರಿಸಲು ಬಿಡಿ, ವಾರವಾದ ಮೇಲೆ ಪಟ್ಟಿ ಕಟ್ಟಿ. ಆಸ್ಪತ್ರೆಗೆ ಹೋಗುವಾಗ ಇದರಿಂದ ಎಲ್ಲರಿಗೂ ನೆಮ್ಮದಿ.

ದೀಪಾವಳಿ

ತಯಾರಿ ಒಂದು ತಿಂಗಳು ಮುಂಚೆಯೇ ಶುರುವಾಗಬೇಕು. ಪಟಾಕಿಯ ಸದ್ದನ್ನು ಫೋನಿನಲ್ಲಿ ಕೇಳಿಸೀ ಕೇಳಿಸದಷ್ಟು ಸಣ್ಣಗೆ ಹಾಕಿ ತಿನಿಸು ಕೊಡುತ್ತ, ದಿನಕ್ಕಿಷ್ಟು ಏರಿಸಿ. ಹಬ್ಬದ ದಿನ ಕತ್ತಲಾಗುವ ಮೊದಲೇ ಹೊರಗೆ ಸುತ್ತಾಡಿಸಿ, ಕಿಟಕಿ ಮುಚ್ಚಿ ಫ್ಯಾನು, ಟೀವಿ ಹಾಕಿ. ನಾಯಿ ನಿಮಗೆ ಒತ್ತಿಕೊಂಡು ಕೂತರೆ ಸಮಾಧಾನ ಮಾಡಿ. ಮುದ್ದು ಮಾಡಿದರೆ ಭಯ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ. ತೀವ್ರವಾಗಿ ನಡುಗುವ ನಾಯಿಗೆ ಆತಂಕ ಇಳಿಸುವ ಔಷಧವನ್ನು ವೈದ್ಯರು ಕೊಡಬಲ್ಲರು. ಬರೀ ಮಂಪರು ಬರಿಸುವ ಮಾತ್ರೆಯಾದರೆ ಮೈ ಅಲುಗುವುದು ನಿಲ್ಲುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಈ ವ್ಯತ್ಯಾಸವನ್ನು ಅವರ ಬಳಿ ಕೇಳಿ ತಿಳಿದುಕೊಳ್ಳಿ.

ಎಷ್ಟು ಮಾಡಿದರೂ ಆಗದಿದ್ದರೆ

ಮೂರು ತಿಂಗಳಾದರೂ ಊಟ, ನಿದ್ದೆ ಸರಿಯಾಗದಿದ್ದರೆ, ಕಚ್ಚುವುದು ಹೆಚ್ಚುತ್ತಿದ್ದರೆ, ಹೊಡೆಯದೆ ಕಲಿಸುವ ತರಬೇತುದಾರರನ್ನೂ ಪಶುವೈದ್ಯರನ್ನೂ ಒಟ್ಟಿಗೆ ಸೇರಿಸಿ ಮಾತನಾಡಿ. ಶಾಕ್ ಕೊಡುವ ಪಟ್ಟಿ ಬಳಸುವ ತರಬೇತುದಾರರಿಂದ ದೂರವಿರಿ.

ಮನೆಯಲ್ಲಿ ಪುಟ್ಟ ಮಗುವಿದ್ದು, ನಾಯಿಗೆ ಮಕ್ಕಳನ್ನು ಕಂಡರೇ ಆಗದಿದ್ದರೆ ಬೇರೆ ಮನೆ ಹುಡುಕುವುದೇ ಸರಿ. ಅದಕ್ಕಾಗಿ ನಾಚಬೇಕಿಲ್ಲ. ಆದರೆ ಬೀದಿಗೆ ಬಿಡಬೇಡಿ, ಕೊಟ್ಟವರಿಗೇ ತಿಳಿಸಿ ಹಿಂದಿರುಗಿಸಿ. ಲಸಿಕೆ ಪುಸ್ತಕ, ರಕ್ತಪರೀಕ್ಷೆಯ ವರದಿ, ಅದರ ಚಾದರ, ತಿನ್ನುವ ಆಹಾರ ಜತೆಗಿರಲಿ. ಯಾವುದಕ್ಕೆ ಹೆದರಿತು, ಯಾವಾಗ ಗುರ್ ಎಂದಿತು, ಎಲ್ಲಿ ಮುಟ್ಟಿದರೆ ಇಷ್ಟಪಟ್ಟಿತು ಎಂಬುದನ್ನು ಒಂದು ಹಾಳೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಡಿ. ಕಚ್ಚಿದ್ದರೆ ಅದನ್ನೂ ಬರೆಯಿರಿ. ಮುಂದಿನ ಮನೆಯವರು ಆ ಹಾಳೆಯಿಂದಲೇ ಶುರುಮಾಡಬೇಕಾಗುತ್ತದೆ.